ಮೂರು ಬಾಯಿಯ ಬಚ್ಚಪ್ಪ

ಉದ್ದನಪಲ್ಲಿಯಿಂದ ಎರಡು ಮೈಲಿ ಒಳಕ್ಕೆ ಹೋದರೆ ಸಿಗುವ ಹಳ್ಳಿಯಲ್ಲಿ ಬಚ್ಚಪ್ಪನ ಮನೆ. ಆ ಮನೆಯಲ್ಲಿ ಅವನು ಹುಟ್ಟಿದಾಗ ಅದು ಸೇಲಂ ಜಿಲ್ಲೆ. ಅವನು ನಡೆಯಲು ಕಲಿಯುವ ಹೊತ್ತಿಗೆ ಧರ್ಮಪುರಿ ಜಿಲ್ಲೆ. ತಲೆ ನರೆಯುವ ಹೊತ್ತಿಗೆ ಕೃಷ್ಣಗಿರಿ ಜಿಲ್ಲೆ. ಇನ್ನೂ ಹಿಂದಕ್ಕೆ ಹೋದರೆ ಮೈಸೂರಿನ ದೊರೆಗಳು, ಅವರಾದ ಮೇಲೆ ಕುಂಪಣಿಯವರು, ಆಮೇಲೆ ಮದರಾಸಿನವರು. ಯಾರು ಬಂದರೂ ಯಾರು ಹೋದರೂ ಮನೆ ಮಾತ್ರ ಒಂದು ಗೇಣೂ ಅಲುಗಲಿಲ್ಲ. ಅದೇ ಕಲ್ಲಿನ ಗೋಡೆ, ಅದೇ ಹುಣಸೆ ಮರ. ಮಳೆ ಬಂದರೆ ಸೋರುವುದೂ ಅದೇ ಮೂಲೆಯಲ್ಲಿ.

ಬಚ್ಚಪ್ಪನಿಗೆ ಈಗ ಅರವತ್ತೆರಡು. ಮೂರು ಎಕರೆ ಹೊಲವಿದೆ; ರಾಗಿ, ಟೊಮ್ಯಾಟೊ, ಬೀನ್ಸ್ ಬೆಳೆಯುತ್ತದೆ. ಹಾಗೆಂದು ಅವನನ್ನು ರೈತ ಎಂದರೆ ಹೊಲವೇ ನಕ್ಕೀತು. ಬೆಳೆಯುವವಳು ಹೆಂಡತಿ ಅಂಜಿನಮ್ಮ. ಬಚ್ಚಪ್ಪನ ಕಸುಬು ಸಂಬಂಧ ಕೂಡಿಸುವುದು. ಹೊಸೂರಿನಿಂದ ಸೂಳಗಿರಿವರೆಗೆ, ಈ ಕಡೆ ರಾಯಕೋಟೆವರೆಗೆ, ಇನ್ನೂರಕ್ಕೆ ಮೇಲ್ಪಟ್ಟು ಮದುವೆಗಳು ಅವನ ಬಾಯಿಂದ ಆಗಿವೆ. ಕೂಲಿ ಅಂತ ಏನೂ ಇಲ್ಲ. ಒಂದು ಜೊತೆ ಪಂಚೆ, ಮದುವೆ ದಿನ ಮೊದಲ ಪಂಕ್ತಿಯಲ್ಲಿ ಎಲೆ, ಅಷ್ಟೇ. ಮೊದಲ ಪಂಕ್ತಿ ತಪ್ಪಿತೋ, ಅವನ ಸಿಟ್ಟು ಮೂರು ತಿಂಗಳು ಇಳಿಯದು.

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂಬ ಗಾದೆ ಅವನಿಗೆ ಹಿಡಿಸದು. "ಸುಳ್ಳು ಯಾಕ್ಲಾ ಹೇಳ್ಬೇಕು? ಕೇಳಿದ್ದಕ್ಕೆ ಅವರ ಮಾತ್ನಾಗೆ ಜವಾಬು ಕೊಟ್ರೆ ಸಾಕು ಕಣ್ಲಾ" ಎನ್ನುತ್ತಿದ್ದ. ಇದೇ ಅವನ ಕಸುಬಿನ ಗುಟ್ಟು. ಹೊಸಿಲು ದಾಟಿದ ಮೇಲೆ ಆ ಮನೆಯ ಮಾತು. ತೆಲುಗು ಮನೆಯಲ್ಲಿ ನೀರು ಕೇಳುವುದೂ ತೆಲುಗಿನಲ್ಲಿ, ತಮಿಳು ಮನೆಯಲ್ಲಿ ಎಡವಿದರೆ 'ಅಯ್ಯೋ' ಎನ್ನುವುದೂ ತಮಿಳಿನಲ್ಲಿ. ಈ ಕಡೆ ಮೂರು ಮಾತು ಬಾರದವರು ಯಾರಿದ್ದಾರೆ ಹೇಳಿ! ಸಂತೆಗೊಂದು, ಆಫೀಸಿಗೊಂದು, ಒಲೆ ಮುಂದೆ ಒಂದು. ಆದರೆ ಉಳಿದವರ ಎರಡನೆಯ ಮಾತಿನಲ್ಲಿ ಮೊದಲನೆಯದರ ವಾಸನೆ ಇದ್ದೇ ಇರುತ್ತದೆ. ಬಚ್ಚಪ್ಪನದರಲ್ಲಿ ಯಾವ ವಾಸನೆಯೂ ಇಲ್ಲ. ಹೀಗಾಗಿ ಸೂಳಗಿರಿ ಕಡೆಯವರು ಅವನನ್ನು ತೆಲುಗಿನವನೆಂದೇ ತಿಳಿದಿದ್ದರು. ಅವಲಪಲ್ಲಿಯ ತಮಿಳು ಮನೆಗಳಲ್ಲಿ ಅವನು 'ನಮ್ಮಾಳು'. ಅವನು ಯಾರಿಗೂ ಹಾಗೆಂದು ಹೇಳಿದವನಲ್ಲ, ಅಲ್ಲವೆಂದೂ ಹೇಳಿದವನಲ್ಲ. ಊರಲ್ಲಿ ಮಾತ್ರ ಅವನಿಗೆ ಮೂರು ಬಾಯಿಯ ಬಚ್ಚಪ್ಪ ಎಂಬ ಹೆಸರು ಅಂಟಿಕೊಂಡಿತು.

ಇನ್ನೊಂದು ಸಂಗತಿ ಇದೆ. ಮಾತಾಡುವಾಗ ಅವನ ಕೈಗಳು ಸುಮ್ಮನಿರುವುದಿಲ್ಲ. ಹುಡುಗಿ ಎತ್ತರ ಎಂದರೆ ಕೈ ಮೇಲೇಳುತ್ತದೆ, ಮನೆಯಲ್ಲಿ ಮೂರು ಹಸು ಎಂದರೆ ಬೆರಳುಗಳು ಹಾಲು ಕರೆಯುತ್ತವೆ. ಕೈ ಕಟ್ಟಿ ಕೂರಿಸಿದರೆ ಬಚ್ಚಪ್ಪನಿಗೆ ಮಾತೇ ಬರದು ಎಂದು ಜನ ಆಡಿಕೊಳ್ಳುವುದುಂಟು. ಅದು ತಮಾಷೆಗೆ ಹುಟ್ಟಿದ ಅಭ್ಯಾಸವಲ್ಲ.

ಅವನ ತಾಯಿ ನಾರಾಯಣಮ್ಮನಿಗೆ ಎರಡು ವರ್ಷದ ಕೂಸಾಗಿದ್ದಾಗ ಜ್ವರ ಬಂದು ಕಿವಿ ಹೋಯಿತು. ಕಿವಿ ಹೋದ ಮೇಲೆ ಬಾಯಿಗೆ ಮಾತೂ ಬರಲಿಲ್ಲ. ಗಂಡ ಬಾವಿ ತೋಡುವಾಗ ಮಣ್ಣು ಕುಸಿದು ಸತ್ತಾಗ ಬಚ್ಚಪ್ಪನಿಗೆ ನಾಲ್ಕು ವರ್ಷ. ಅಲ್ಲಿಂದ ಅವನೇ ಅವಳ ಬಾಯಿ, ಅವನೇ ಅವಳ ಕಿವಿ. ರೇಷನ್ ಅಂಗಡಿಯಲ್ಲಿ ತಮಿಳು, ಅವಳು ಕೂಲಿಗೆ ಹೋಗುತ್ತಿದ್ದ ದೊಡ್ಡ ಮನೆಯಲ್ಲಿ ತೆಲುಗು, ಓಣಿಯಲ್ಲಿ ಕನ್ನಡ. ತಾಯಿಯ ಸೆರಗು ಹಿಡಿದು ನಿಂತ ಹುಡುಗ ಅತ್ತ ಕೇಳಿದ್ದನ್ನು ಇತ್ತ ಕೈಯಲ್ಲಿ ಹೇಳಬೇಕು, ಇತ್ತ ಕೈಯಲ್ಲಿ ಕಂಡದ್ದನ್ನು ಅತ್ತ ಬಾಯಲ್ಲಿ ಹೇಳಬೇಕು. ತಪ್ಪು ಹೇಳಿದರೆ ಅವತ್ತು ಮನೆಗೆ ಅಕ್ಕಿ ಬರುತ್ತಿರಲಿಲ್ಲ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎನ್ನುತ್ತಾರೆ. ಬಚ್ಚಪ್ಪ ಇಬ್ಬರ ಬಾಯಾಗಿ ಬದುಕಿದ.

ತಾಯಿ ಮಗನ ನಡುವೆ ಒಂದು ಕೈಭಾಷೆ ತಾನಾಗಿ ಬೆಳೆಯಿತು. ಹಿಂದಿನಿಂದ ಬಂದರೆ ಅವಳು ಬೆಚ್ಚುತ್ತಿದ್ದಳು, ಆದ್ದರಿಂದ ಮೊದಲು ಎದುರಿಗೆ ಕೂತು ಮೊಣಕಾಲು ಮುಟ್ಟಬೇಕು. ಮುಖದ ಮೇಲೆ ಬೆಳಕು ಬೀಳುವಂತೆ ಕೂರಬೇಕು. ಅಂಗಳಕ್ಕೆ ಯಾರಾದರೂ ಬಂದರೆ ಅವಳು ಗದ್ದ ಎತ್ತಿ ಇವರು ಯಾರು ಎಂದು ಕೇಳುವಳು. ನಮ್ಮೋರು ಎನ್ನಬೇಕಾದರೆ ಅಂಗೈಯನ್ನು ಎದೆಗಿಟ್ಟು, ಅದೇ ಅಂಗೈಯನ್ನು ನೆಲಕ್ಕೆ ಮುಟ್ಟಿಸಬೇಕು. ನಮ್ಮೋರೆಂದು ತಿಳಿದರೆ ಚೊಂಬಿನಲ್ಲಿ ನೀರು ಬರುತ್ತಿತ್ತು. ಕನ್ನಡದವರು, ತೆಲುಗಿನವರು, ತಮಿಳರು ಎಂದು ಹೇಳುವುದಕ್ಕೆ ಅವಳಲ್ಲಿ ಸನ್ನೆಯೇ ಇರಲಿಲ್ಲ. ತುಟಿ ಅಲ್ಲಾಡಿಸುವವರೆಲ್ಲ ಅವಳಿಗೆ ಒಂದೇ.

ಬಚ್ಚಪ್ಪನ ಒಬ್ಬಳೇ ಮಗಳು ಭಾನು ಈ ಅಜ್ಜಿಯ ತೊಡೆಯ ಮೇಲೆ ಬೆಳೆದವಳು. ಬಾಯಿಗಿಂತ ಮುಂಚೆ ಅವಳಿಗೆ ಕೈ ಮಾತು ಬಂತು. ಅಜ್ಜಿ ತೀರಿಕೊಂಡು ಎಂಟು ವರ್ಷವಾಯಿತು. ಊರೆಲ್ಲ ಮಾತು ಹಂಚಿ ಬರುವ ಬಚ್ಚಪ್ಪ ಮನೆಯಲ್ಲಿ ಹೆಚ್ಚು ಮಾತಾಡುವವನಲ್ಲ. ಮಾತಾಡಿದರೆ ಅಂಜಿನಮ್ಮನ ಕನ್ನಡ. ಭಾನು ಶಾಲೆಯಲ್ಲಿ ಓದಿದ್ದು ತಮಿಳು. ತೆಲುಗು ಕೇಳಿದರೆ ತಿಳಿಯುತ್ತದೆ, ನಾಲಿಗೆ ತಿರುಗುವುದಿಲ್ಲ.

ಭಾನು ಡಿಪ್ಲೊಮಾ ಮುಗಿಸಿ ಸೂಳಗಿರಿ ಹತ್ತಿರದ ಒಂದು ಫ್ಯಾಕ್ಟರಿಗೆ ಸೇರಿದಳು. ಅಲ್ಲೇ ಮೆಂಟೆನೆನ್ಸ್‌ನಲ್ಲಿ ಯುವರಾಜ್ ಎಂಬ ಹುಡುಗ. ಎರಡು ವರ್ಷದ ಹಿಂದೆ ಆ ಫ್ಯಾಕ್ಟರಿಗೆ ಹೊರದೇಶದಿಂದ ದೊಡ್ಡದೊಂದು ಮಿಷನ್ ಬಂತು. ಅದನ್ನು ಕೂಡಿಸಲು ಮಾರಿನೋ ಎಂಬ ನರೆತ ಕೂದಲಿನ ಫಿಟ್ಟರ್ ಬಂದ. ಆಡ್ರಿಯಾಟಿಕ್ ಎಂಬ ಸಮುದ್ರದ ದಂಡೆಯವನು. ಭಾನುವಾರ ಹಳ್ಳಿ ನೋಡಬೇಕೆಂದು ಹಠ ಹಿಡಿದನಂತೆ. ಯುವರಾಜ್ ಅವನನ್ನು ಬೈಕಿನಲ್ಲಿ ಕೂರಿಸಿಕೊಂಡು ಭಾನು ಮನೆಗೆ ಕರೆತಂದ. ಹಳ್ಳಿಗಳು ದಾರಿಯುದ್ದಕ್ಕೂ ಬೇಕಾದಷ್ಟಿದ್ದವು, ಇದೇ ಹಳ್ಳಿ ಯಾಕೆ ಬೇಕಿತ್ತು ಎಂದು ಅಂಜಿನಮ್ಮ ಅವತ್ತೇ ಊಹಿಸಿದಳು.

ಮುದ್ದೆ ನುಂಗಲು ಕಲಿಯುತ್ತಾ ಮಾರಿನೋ ತನ್ನ ಅಜ್ಜಿಯ ಕಥೆ ಹೇಳಿದ. ಯುವರಾಜ್ ಅದನ್ನು ತಿರುಗಿಸಿ ಹೇಳಿದ. ಅವಳು ಹುಟ್ಟಿದಾಗ ಆ ಊರಿಗೆ ಒಬ್ಬ ಚಕ್ರವರ್ತಿ. ಶಾಲೆಗೆ ಹೋಗುವಾಗ ಇನ್ನೊಂದು ದೇಶ, ಅಲ್ಲಿ ಅವಳ ಹೆಸರನ್ನೂ ಬದಲಾಯಿಸಿ ಬರೆದುಕೊಂಡರು. ಮಕ್ಕಳಾಗುವ ಹೊತ್ತಿಗೆ ಮೂರನೆಯ ದೇಶ. ಅರ್ಧ ಊರೇ ಗಂಟುಮೂಟೆ ಕಟ್ಟಿ ಹಡಗು ಹತ್ತಿಬಿಟ್ಟಿತು, ಇವಳು ಹೋಗಲಿಲ್ಲ. ಸಾಯುವಾಗ ನಾಲ್ಕನೆಯ ದೇಶ. ಮನೆ ಅದೇ, ಕಿಟಕಿಯಿಂದ ಕಾಣುವ ಸಮುದ್ರ ಅದೇ. ಒಲೆ ಮುಂದೆ ಒಂದು ಮಾತು, ಸಂತೆಯಲ್ಲಿ ಒಂದು, ಸರ್ಕಾರದವರ ಹತ್ತಿರ ಒಂದು. ನೀವು ಯಾವ ಜನ ಎಂದು ಬರೆದುಕೊಳ್ಳಲು ಬಂದವರಿಗೆಲ್ಲ ಆ ಮುದುಕಿ ಒಂದೇ ಉತ್ತರ ಹೇಳಿ ಬಾಗಿಲು ಹಾಕುತ್ತಿದ್ದಳಂತೆ: ನಾವು ಇಲ್ಲಿಯವರು.

ಬಚ್ಚಪ್ಪ ತೊಡೆ ತಟ್ಟಿ ನಕ್ಕ. "ಅಯ್ಯೋ ಶಿವನೇ! ಸಮುದ್ರ ಒಂದು ಬಿಟ್ರೆ ನಮ್ಮೂರಿನ ಕತೇನೇ ಅಲ್ವೇನ್ಲಾ ಇದು!" ಎಂದ. ಆಮೇಲೆ ಎಷ್ಟೋ ಕಡೆ ಆ ಕಥೆ ಹೇಳಿಕೊಂಡು ತಿರುಗಿದ. ಮಾರಿನೋ ಮಿಷನ್ ಕೂಡಿಸಿ ಊರಿಗೆ ಹೋದ. ಯುವರಾಜ್ ಮಾತ್ರ ಹಳ್ಳಿ ನೋಡಲು ಮತ್ತೆ ಮತ್ತೆ ಬರತೊಡಗಿದ.

ಯುವರಾಜನ ತಂದೆ ಮುತ್ತರಾಯಪ್ಪ ಬಚ್ಚಪ್ಪನಿಗೆ ಇಪ್ಪತ್ತು ವರ್ಷದ ಪರಿಚಯ. ಸೂಳಗಿರಿ ಪಕ್ಕದ ಹಳ್ಳಿ, ಜಾತಿ ಒಂದೇ, ಮನೆ ಮಾತು ತೆಲುಗು. ಅವನ ಹಿರಿಯ ಮಗನ ಮದುವೆಯನ್ನು ಕೂಡಿಸಿದವನೂ ಬಚ್ಚಪ್ಪನೇ. ಹುಡುಗಿ ಸೆಲ್ವಿ, ಅವಲಪಲ್ಲಿಯ ತಮಿಳು ಮನೆಯವಳು. ಆ ಮದುವೆಯೇ ಈಗ ಬಚ್ಚಪ್ಪನ ಗಂಟಲಿಗೆ ಸಿಕ್ಕಿಕೊಂಡಿತ್ತು.

ಆದದ್ದಿಷ್ಟು. ಮುತ್ತರಾಯಪ್ಪನ ಹೆಂಡತಿ ತೀರಿಕೊಂಡಿದ್ದಾಳೆ. ಮನೆಯ ಯಜಮಾನಿಕೆ ಅವನ ತಾಯಿ ಮುನಿರತ್ನಮ್ಮನದು, ಎಂಬತ್ತನಾಲ್ಕರ ಮುದುಕಿ. ತೆಲುಗು ಬಿಟ್ಟು ಬೇರೆ ಮಾತು ಅವಳ ಬಾಯಲ್ಲಿ ಬಂದಿಲ್ಲ. ಸೆಲ್ವಿ ಸೊಸೆಯಾಗಿ ಬಂದು ಮೂರು ವರ್ಷವಾದರೂ ಮುದುಕಿ ಅವಳೊಂದಿಗೆ ಮಾತಾಡಲಿಲ್ಲ. ಹುಡುಗಿ ಏನು ಕೇಳಿದರೂ ಮುಖ ತಿರುಗಿಸುತ್ತಿದ್ದಳು. ತಮಿಳು ತಿಳಿಯದು ಪಾಪ ಎಂದರು ಮನೆಯವರು. ಸೆಲ್ವಿ ಹಲ್ಲು ಕಚ್ಚಿ ಒಂದೇ ವರ್ಷದಲ್ಲಿ ತೆಲುಗು ಕಲಿತಳು. ಆಗಲೂ ಮುದುಕಿ ತುಟಿ ಬಿಚ್ಚಲಿಲ್ಲ. ತಮಿಳಿನ ವಾಸನೆ ಇನ್ನೂ ಹೋಗಿಲ್ಲ, ಅದಕ್ಕೇ ಹಿಡಿಸುತ್ತಿಲ್ಲ ಎಂದರು. ಸೆಲ್ವಿ ಬರಬರುತ್ತಾ ಅಡುಗೆಮನೆಯಲ್ಲೇ ಉಳಿದುಕೊಂಡಳು. ಮಗನೊಂದಿಗೆ ಮುದುಕಿ ಚೆನ್ನಾಗಿಯೇ ಇದ್ದಳು. ಅಂದರೆ, ಮಗ ದಿನಾ ಕೇಳುತ್ತಿದ್ದುದು ಮೂರೇ ಮಾತು: ಉಂಡೆಯಾ, ಮಲಗಿದೆಯಾ, ನಾನು ಹೋಗಿ ಬರಲಾ. ಬಚ್ಚಪ್ಪ ಹೋದರಂತೂ ಅವಳಿಗೆ ಹಬ್ಬ. ಅವನ ಎದುರು ಕೂತು ನಗುತ್ತಿದ್ದಳು. "ನಮ್ಮವ್ವನಿಗೆ ಹಿಡಿಸುವ ತೆಲುಗು ಅಂದರೆ ನಿನ್ನದೇ ಅಣ್ಣಾ" ಎಂದು ಮುತ್ತರಾಯಪ್ಪ ತೆಲುಗಿನಲ್ಲಿ ಹೊಗಳುತ್ತಿದ್ದ. ಬಚ್ಚಪ್ಪ ಮೀಸೆ ಸವರಿಕೊಳ್ಳುತ್ತಿದ್ದ.

ಹೋದ ವರ್ಷ ಮುತ್ತರಾಯಪ್ಪನ ಜಗಲಿಯ ಮೇಲೆ ಯುವರಾಜನ ಮದುವೆ ಮಾತು ಬಂತು. ಮುತ್ತರಾಯಪ್ಪ ಕೈ ಮುಗಿದು ಹೇಳಿದ: "ಅಣ್ಣಾ, ಹುಡುಗ ನಿನ್ನ ಮಗಳ ಮೇಲೇ ಮನಸ್ಸಿಟ್ಟಿದ್ದಾನೆ. ನನಗೂ ಸಂತೋಷ. ಸೆಲ್ವಿ ವಿಷಯದಲ್ಲಿ ಕೈ ಸುಟ್ಟುಕೊಂಡದ್ದು ಸಾಕು. ಇನ್ನೊಂದು ಬೇರೆ ಮಾತಿನ ಹೆಣ್ಣು ಬಂದರೆ ನಮ್ಮವ್ವ ಬದುಕಲ್ಲ. ನಿಮ್ಮ ಮನೆಯಲ್ಲೂ ತೆಲುಗೇ ಅಲ್ಲವಾ?"

ಅವನು ತೆಲುಗಿನಲ್ಲಿ ಕೇಳಿದ್ದ. ಹೊಸಿಲು ದಾಟದಿದ್ದರೂ ಜಗಲಿ ಆ ಮನೆಯದೇ. ನಲವತ್ತು ವರ್ಷದ ಅಭ್ಯಾಸ ನಾಲಿಗೆಯ ತುದಿಯಲ್ಲೇ ಕಾದಿತ್ತು. "ಅದಲ್ಲದೆ ಇನ್ನೇನು ತಮ್ಮಾ" ಎಂದುಬಿಟ್ಟ, ಅಪ್ಪಟ ತೆಲುಗಿನಲ್ಲಿ. ಸಾವಿರ ಸುಳ್ಳಿನ ಗಾದೆಯನ್ನು ಬಯ್ಯುತ್ತಿದ್ದವನು ಮಗಳ ಮದುವೆಗೆ ಹೇಳಿದ್ದು ಒಂದೇ ಸುಳ್ಳು. ಅದೂ ಹಿಂದಕ್ಕೆ ತೆಗೆದುಕೊಳ್ಳಲಾಗದ ಸುಳ್ಳು.

ಭಾನು ಕೇಳಿ ಅಪ್ಪನ ಮೇಲೆ ಹರಿಹಾಯ್ದಳು. ಯುವರಾಜನಿಗೆ ಸತ್ಯ ಗೊತ್ತಿತ್ತು, ಆದರೆ ಅವನಿಗೆ ತಂದೆಯ ಮುಂದೆ ಬಾಯಿಲ್ಲ. ಅವನೂ ಭಾನುವೂ ತಮ್ಮೊಳಗೆ ಆಡುತ್ತಿದ್ದುದು ತಮಿಳು. ಮಾತು ಯಾವುದಾದರೇನು, ಮದುವೆಯಾದರೆ ಇವನನ್ನೇ, ಇಲ್ಲವಾದರೆ ಯಾರನ್ನೂ ಬೇಡ ಎಂದು ಭಾನು ಖಡಾಖಂಡಿತ ಹೇಳಿದ್ದಳು. ಸತ್ಯ ಹೇಳಿದರೆ ಸಂಬಂಧ ಮುರಿಯುತ್ತದೆ, ಹೇಳದಿದ್ದರೆ ಹುಡುಗಿ ಜೀವನವಿಡೀ ನಾಟಕವಾಡಬೇಕು. ಇನ್ನೂರು ಮದುವೆ ಮಾಡಿಸಿದ ಬಚ್ಚಪ್ಪನಿಗೆ ಇನ್ನೂರ ಚಿಲ್ಲರೆಯದು ಹೀಗೆ ಬಂದು ಕುತ್ತಿಗೆಗೆ ಸುತ್ತಿಕೊಂಡಿತು.

ಅವರ ಕಡೆ ವೀಳ್ಯದ ದಿನ ಒಂದು ಪದ್ಧತಿ. ಗಂಡಿನ ಮನೆಯ ಹಿರಿಯ ಹೆಂಗಸು ವೀಳ್ಯದ ತಟ್ಟೆ ತೊಡೆಯ ಮೇಲಿಟ್ಟುಕೊಂಡು ಹುಡುಗಿಗೆ ಮೂರು ಮಾತು ಕೇಳುತ್ತಾಳೆ. ನಿನ್ನ ಹೆಸರೇನು, ಏನು ಅಡುಗೆ ಮಾಡಿದೆ, ನಮ್ಮ ಮನೆಗೆ ಬರುತ್ತೀಯಾ. ಮೂರಕ್ಕೂ ಉತ್ತರ ಸಿಕ್ಕ ಮೇಲೆ ತಟ್ಟೆ ಹುಡುಗಿಯ ಕೈಗೆ. ಅಲ್ಲಿಗೆ ಮಾತು ಮುಗಿಯಿತು, ಬ್ರಹ್ಮ ಬಂದರೂ ತಪ್ಪಿಸುವಂತಿಲ್ಲ. ಮೂರೇ ಉತ್ತರ ತಾನೇ ಎಂದು ಬಚ್ಚಪ್ಪ ಮಗಳಿಗೆ ಹದಿನೈದು ದಿನ ತೆಲುಗು ಬಾಯಿಪಾಠ ಮಾಡಿಸಿದ. ಅಂಜಿನಮ್ಮನಿಗೆ ಅವತ್ತು ಹೆಚ್ಚು ಮಾತಾಡಬೇಡ ಎಂದ.

ಅಂಜಿನಮ್ಮ ಸೊಂಟಕ್ಕೆ ಕೈಯಿಟ್ಟು ನಿಂತಳು. "ಅಲ್ಲ ಕಣಯ್ಯಾ, ಊರೋರಿಗೆಲ್ಲ ಬಾಯಾಗಿದ್ದೋನು ನೀನು. ಈಗ ನನ್ನ ಮನೇಲಿ ನನ್ನ ಬಾಯ್ಗೇ ಬೀಗ ಹಾಕ್ತೀಯಾ? ನಮ್ಮ ಮಾತು ಆಡೋಕೆ ನಮಗೇ ನಾಚ್ಕೆ ಆದ್ರೆ, ಹೆಣ್ಣು ಕೊಟ್ಟು ಏನ್ ಸುಖ?"

"ಒಂದ್ ದಿನ ಕಣಮ್ಮೀ. ತಟ್ಟೆ ಕೈಗೆ ಬರ್ಲಿ, ಆಮೇಲೆ ಹೇಳ್ಕೊಂಡ್ರಾಯ್ತು."

"ಆಮೇಲೆ ಹೇಳೋದಂತೆ! ನಿಮ್ಮವ್ವ ಇದ್ದಿದ್ರೆ ಕೈಯಲ್ಲಿ ಹೇಳ್ತಿರ್ಲಿಲ್ಲ, ಕಪಾಳಕ್ಕೇ ಹೇಳ್ತಿದ್ಲು" ಎಂದು ಅಂಜಿನಮ್ಮ ಒಳಗೆ ಹೋದಳು.

ವೀಳ್ಯದ ದಿನ ಹತ್ತು ಗಂಟೆಗೆ ಎರಡು ಕಾರು ಬಂದವು. ಮುತ್ತರಾಯಪ್ಪ, ಯುವರಾಜ್, ನಾಲ್ಕೈದು ನೆಂಟರು, ಹಿಂದೆ ಹೂವಿನ ಬುಟ್ಟಿ ಹಿಡಿದ ಸೆಲ್ವಿ. ಮುನಿರತ್ನಮ್ಮನನ್ನು ಇಬ್ಬರು ಹಿಡಿದು ಇಳಿಸಿ ನಡುಮನೆಯ ಕುರ್ಚಿಯಲ್ಲಿ ಕೂರಿಸಿದರು. ಸೆಲ್ವಿ ಕಂಬದ ಪಕ್ಕ ನಿಂತಳು. ಯಾರೂ ಅವಳನ್ನು ಕೂರು ಎನ್ನಲಿಲ್ಲ. ಮೂರು ವರ್ಷದ ಹಿಂದೆ ತಾನೇ ನೋಡಿ ಒಪ್ಪಿಸಿದ ಹುಡುಗಿ ಹೀಗೆ ಬಡವಾಗಿರುವುದು ಬಚ್ಚಪ್ಪನ ಕಣ್ಣಿಗೆ ಬಿತ್ತು. ಅವನು ಬೇರೆ ಕಡೆ ನೋಡಿದ.

ಭಾನು ಬಂದು ಚಾಪೆಯ ಮೇಲೆ ಕೂತಳು. ಮುದುಕಿ ತಟ್ಟೆ ತೊಡೆಯ ಮೇಲಿಟ್ಟುಕೊಂಡು, ತೆಲುಗಿನಲ್ಲಿ ಹೆಸರೇನು ಎಂದು ಕೇಳಿದಳು. ಭಾನು ತಲೆ ತಗ್ಗಿಸಿ, ಕಲಿತ ಉತ್ತರ ಒಪ್ಪಿಸಿದಳು. ಮುದುಕಿ ಮತ್ತೆ ಅದನ್ನೇ ಕೇಳಿದಳು. ಭಾನು ಇನ್ನೂ ಸ್ಪಷ್ಟವಾಗಿ ಹೇಳಿದಳು. ಮುದುಕಿಯ ಮುಖ ಬಿಗಿಯಿತು, ಸೆಲ್ವಿಯ ಎದುರು ಬಿಗಿಯುತ್ತಿದ್ದ ಹಾಗೇ. ನೆಂಟರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುತ್ತರಾಯಪ್ಪನ ಹುಬ್ಬು ಗಂಟಾಯಿತು. ಸಿಕ್ಕಿಬಿದ್ದೆ ಎಂದುಕೊಂಡ ಬಚ್ಚಪ್ಪ. ವಾಸನೆ ಹಿಡಿದುಬಿಟ್ಟಳು ಮುದುಕಿ. ಯುವರಾಜ್ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡ.

ಭಾನು ತಲೆ ಎತ್ತಿ ಮುದುಕಿಯನ್ನು ನೋಡಿದಳು. ಮುದುಕಿಯ ಕಣ್ಣು ಭಾನುವಿನ ಕಣ್ಣಿನ ಮೇಲಿರಲಿಲ್ಲ, ತುಟಿಯ ಮೇಲಿತ್ತು. ಭಾನುಗೆ ಅದು ಹೊಸ ನೋಟವಲ್ಲ. ಹದಿನಾರು ವರ್ಷ ಅವಳು ಅಂಥ ನೋಟದ ಎದುರಿಗೇ ಬೆಳೆದಿದ್ದಳು. ಅವಳು ಎದ್ದು ಬಂದು ಕುರ್ಚಿಯ ಮುಂದೆ ಕೂತಳು, ಮುಖಕ್ಕೆ ಬಾಗಿಲ ಬೆಳಕು ಬೀಳುವಂತೆ ತಿರುಗಿದಳು, ಮುದುಕಿಯ ಮೊಣಕಾಲು ಮುಟ್ಟಿದಳು. ಹೆಸರು ಕೇಳಿದ್ದಕ್ಕೆ ಬಾಗಿಲಾಚೆಯ ಸೂರ್ಯನನ್ನು ತೋರಿಸಿ ತನ್ನ ಎದೆ ಮುಟ್ಟಿಕೊಂಡಳು. ಮುದುಕಿಯ ಹುಬ್ಬು ಮೇಲೇರಿತು.

"ಭಾನು!" ಎಂದಳು ಮುದುಕಿ. ಅಡುಗೆ ಏನೆಂದು ಕೇಳಿದಳು. ಭಾನು ಎರಡು ಅಂಗೈ ಸೇರಿಸಿ ಮುದ್ದೆ ಉಂಡೆ ಕಟ್ಟಿದಳು, ಸೊಪ್ಪು ಬಿಡಿಸಿದಳು, ಖಾರಕ್ಕೆ ಮೂಗು ಒರೆಸಿಕೊಂಡಳು. ಮುದುಕಿ ಬೊಚ್ಚು ಬಾಯಿ ತೆರೆದು ನಕ್ಕಳು. ನಮ್ಮ ಮನೆಗೆ ಬರುತ್ತೀಯಾ ಎಂದಳು. ಭಾನು ಅಂಗೈಯನ್ನು ಎದೆಗಿಟ್ಟು, ಆಮೇಲೆ ಮುದುಕಿಯ ಪಾದದ ಪಕ್ಕದ ನೆಲಕ್ಕೆ ಮುಟ್ಟಿಸಿದಳು. ಅಷ್ಟೇ, ಮುದುಕಿಯ ಬಾಯಿಂದ ತೆಲುಗು ಕಟ್ಟೆಯೊಡೆದು ಹರಿಯಿತು. ತನ್ನ ಮದುವೆ, ಸತ್ತ ಸೊಸೆ, ಮಂಡಿ ನೋವು, ಮನೆಯಲ್ಲಿ ಯಾರೂ ತನ್ನ ಹತ್ತಿರ ಕೂರುವುದಿಲ್ಲ ಎಂಬ ದೂರು, ಎಲ್ಲ ಒಂದೇ ಉಸಿರಿನಲ್ಲಿ.

ಮುತ್ತರಾಯಪ್ಪನ ಕಣ್ಣಲ್ಲಿ ನೀರು. "ನೋಡಿದಿರಾ! ಮೂರು ವರ್ಷದ ಮೇಲೆ ನಮ್ಮವ್ವ ಹೀಗೆ ಮಾತಾಡಿದ್ದು. ನಮ್ಮ ಮಾತಿನ ಹೆಣ್ಣು ಅಂದರೆ ನಮ್ಮ ಮಾತಿನ ಹೆಣ್ಣೇ!" ಎಂದು ನೆಂಟರ ಕಡೆ ತಿರುಗಿದ. ಭಾನು ಕೊನೆಯ ಎರಡು ಉತ್ತರಕ್ಕೆ ತುಟಿಯನ್ನೇ ಬಿಚ್ಚಿರಲಿಲ್ಲ ಎಂಬುದು ಅಲ್ಲಿ ಯಾರಿಗೂ ಹೊಳೆಯಲಿಲ್ಲ. ಕಂಬದ ಪಕ್ಕ ಸೆಲ್ವಿ ಹೂವಿನ ಬುಟ್ಟಿಯನ್ನೇ ನೋಡುತ್ತಾ ನಿಂತಿದ್ದಳು.

ಬಚ್ಚಪ್ಪನಿಗೆ ಹೊಳೆದಿತ್ತು. ದೀಪದ ಬುಡದಲ್ಲೇ ಕತ್ತಲೆ ಎಂದರೆ ಇದೇ. ಕಿವುಡ ತಾಯಿಯ ಮಗ ತಾನು. ಆ ಮನೆಗೆ ಎಷ್ಟು ಸಲ ಹೋಗಿಲ್ಲ, ಎಷ್ಟು ಹೊತ್ತು ಈ ಮುದುಕಿಯ ಎದುರು ಕೂತಿಲ್ಲ! ತನ್ನ ತೆಲುಗಿಗೆ ನಗುತ್ತಾಳೆ ಎಂದು ಮೀಸೆ ಸವರಿಕೊಂಡದ್ದೇನು! ಅವಳು ನಕ್ಕದ್ದು ತನ್ನ ಕೈಗಳನ್ನು ನೋಡಿ. ಮುಪ್ಪಿಗೆ ಕಿವಿ ಹೋಗಿದೆ, ಹೇಳಿಕೊಳ್ಳಲು ಅವಮಾನ. ಮಗನ ಮೂರು ಪ್ರಶ್ನೆ ಕೇಳಿಸದಿದ್ದರೂ ಗೊತ್ತಿರುತ್ತವೆ, ಹೊಸ ಸೊಸೆಯ ಮಾತು ಊಹೆಗೆ ನಿಲುಕದು. ಮೂರು ಮಾತಿನ ನಾಡಿನಲ್ಲಿ ಮಾತು ನಿಂತರೆ ಜನ ಮಾತನ್ನೇ ಅನುಮಾನಿಸುತ್ತಾರೆ, ಕಿವಿಯನ್ನಲ್ಲ.

ಈಗ ಸುಮ್ಮನಿದ್ದರೆ ಸಾಕಿತ್ತು. ತಟ್ಟೆ ಇನ್ನೇನು ಭಾನುವಿನ ಕೈಗೆ ಬರುವುದರಲ್ಲಿತ್ತು. ಆದರೆ ಸುಮ್ಮನಿದ್ದರೆ ಸೆಲ್ವಿ ಆ ಕಂಬದ ಪಕ್ಕ ಬದುಕಿಡೀ ನಿಂತಿರಬೇಕು. ಅವಳನ್ನು ಅಲ್ಲಿಗೆ ತಂದು ನಿಲ್ಲಿಸಿದವನು ತಾನು.

"ಮುತ್ತರಾಯಪ್ಪಾ, ಒಂಚೂರು ತಡಿ" ಎಂದ ಬಚ್ಚಪ್ಪ. ಎಂದದ್ದು ಕನ್ನಡದಲ್ಲಿ. ಇಪ್ಪತ್ತು ವರ್ಷದಲ್ಲಿ ಮುತ್ತರಾಯಪ್ಪ ಅವನ ಬಾಯಿಂದ ಆ ಮಾತು ಕೇಳಿದ್ದು ಅದೇ ಮೊದಲು. "ನಿಮ್ಮವ್ವಂಗೆ ಕಿವಿ ಕೇಳಾಕಿಲ್ಲ ಕಣಪ್ಪಾ. ತೆಲುಗೂ ಕೇಳಾಕಿಲ್ಲ, ತಮಿಳೂ ಕೇಳಾಕಿಲ್ಲ. ಆ ಹುಡುಗಿ ಸೆಲ್ವಿದು ಏನೂ ತಪ್ಪಿಲ್ಲ. ಬೇಕಾದ್ರೆ ಹಿಂದೆ ನಿಂತು ಕರೆದು ನೋಡು."

ಮುತ್ತರಾಯಪ್ಪ ನಗಲು ನೋಡಿದ. ಆಮೇಲೆ ಕುರ್ಚಿಯ ಹಿಂದೆ ಹೋಗಿ ನಿಂತು, "ಅಮ್ಮಾ" ಎಂದ. ಮುದುಕಿ ತಟ್ಟೆಯ ಎಲೆಗಳನ್ನು ಸರಿಮಾಡುತ್ತಿದ್ದಳು. "ಅಮ್ಮಾ!" ಎಂದು ಕೂಗಿದ. ಹುಣಸೆ ಮರದ ಕಾಗೆ ಹಾರಿತು. ಮುದುಕಿ ಒಂದು ಅಡಿಕೆ ಕೆಳಗೆ ಬಿದ್ದದ್ದನ್ನು ಎತ್ತಿ ತಟ್ಟೆಗಿಟ್ಟಳು. ಮುತ್ತರಾಯಪ್ಪ ಕುರ್ಚಿಯ ಬೆನ್ನು ಹಿಡಿದು ಹಾಗೇ ನಿಂತುಕೊಂಡ.

"ಇನ್ನೊಂದು ಐತೆ" ಎಂದ ಬಚ್ಚಪ್ಪ. "ನಮ್ಮನೇಲಿ ತೆಲುಗು ಇಲ್ಲ. ನಾವು ಆಡೋದು ಕನ್ನಡ. ನಿನ್ ಜಗಲಿ ಮೇಲೆ ಕುಂತು ಸುಳ್ಳು ಹೇಳ್ಬುಟ್ಟೆ. ಮಗಳಿಗೋಸ್ಕರ ಹೇಳ್ದೆ ಅನ್ನು, ಅಭ್ಯಾಸಕ್ಕೆ ಹೇಳ್ದೆ ಅನ್ನು. ತಪ್ಪು ನಂದು, ಹುಡುಗೀದಲ್ಲ."

ನಾಚಿಕೆಯಾದ ಮನುಷ್ಯನಿಗೆ ಸಿಟ್ಟೇ ಹತ್ತಿರದ ದಾರಿ. ಮುತ್ತರಾಯಪ್ಪನ ಮುಖ ಕೆಂಪಾಯಿತು. ಅವನೂ ಕನ್ನಡಕ್ಕೇ ಇಳಿದ. "ಇಪ್ಪತ್ತು ವರ್ಷ ನಮ್ಮನೇಲಿ ಉಂಡಿದ್ದೀಯ. ತೆಲುಗೋನು ಅಂದ್ಕೊಂಡೆ. ಅವಲಪಲ್ಲಿ ಬೀಗರು ನಿನ್ನ ತಮಿಳೋನು ಅಂತಾರೆ. ಇವತ್ತು ಕನ್ನಡದೋನು ಅಂತೀಯ. ನಾಳೆ ಏನಂತೀಯೋ! ನೀನು ಯಾರಯ್ಯಾ? ಅದೊಂದು ಹೇಳ್ಬುಡು, ಆಮೇಲೆ ಈ ತಟ್ಟೆ ವಿಷ್ಯ ನೋಡಾಣ."

ಬಚ್ಚಪ್ಪ ಬಾಯಿ ತೆರೆದ. ಮೂರು ಬಾಯಿಯವನಿಗೆ ಒಂದರಲ್ಲೂ ಮಾತು ಬರಲಿಲ್ಲ. ಆ ಮಾರಿನೋನ ಅಜ್ಜಿಯಂತೆ ಒಂದು ಉತ್ತರ ಹೇಳಿ ಬಾಗಿಲು ಹಾಕೋಣವೆಂದರೆ ಬಾಗಿಲೇ ಇರಲಿಲ್ಲ, ಎದುರಿಗೆ ಬೀಗರಿದ್ದರು. ಅಂಜಿನಮ್ಮ ಅಡುಗೆಮನೆಯ ಬಾಗಿಲಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಬಚ್ಚಪ್ಪ ಮಂಡಿಯೂರಿ ಕೂತ. ಬಲ ಅಂಗೈಯನ್ನು ಎದೆಗಿಟ್ಟ. ಅದೇ ಅಂಗೈಯನ್ನು ನೆಲಕ್ಕೆ ಮುಟ್ಟಿಸಿ, ಹಾಗೇ ಇಟ್ಟುಕೊಂಡ. ಅವನು ಅಳುತ್ತಿದ್ದ.

ನೆಂಟರಿಗೆ ಏನೂ ತಿಳಿಯಲಿಲ್ಲ. ಮುನಿರತ್ನಮ್ಮನಿಗೆ ತಿಳಿಯಿತು. ಈಗ ತಾನೇ ಹುಡುಗಿ ತನ್ನ ಪಾದದ ಪಕ್ಕ ಹೇಳಿದ ಮಾತು ಅದು. ಮಗ ಯಾಕೆ ಕೆಂಪಾಗಿದ್ದಾನೆ, ಈ ದೊಡ್ಡ ಮನುಷ್ಯ ಯಾಕೆ ಅಳುತ್ತಿದ್ದಾನೆ ಎಂಬುದು ಅವಳಿಗೆ ಬೇಕಾಗಿರಲಿಲ್ಲ. ಮಗನ ತೋಳು ಹಿಡಿದು ಜಗ್ಗಿದಳು.

"ಮನೋಳ್ಳೇ ಕದರಾ" ಎಂದಳು. ನಮ್ಮೋರೇ ಅಲ್ಲವೇನೋ.

ಹಾಗೆಂದು ತಟ್ಟೆಯನ್ನು ಭಾನುವಿನ ಕೈಗೆ ಕೊಟ್ಟಳು. ಮುತ್ತರಾಯಪ್ಪ ತಡೆಯಲಿಲ್ಲ. ತಡೆದರೂ ಅವಳಿಗೆ ಕೇಳಿಸುತ್ತಿರಲಿಲ್ಲ. ಅವನು ಕಂಬದ ಕಡೆ ತಿರುಗಿ, "ಬಾಮ್ಮಾ ಸೆಲ್ವಿ. ಕೂರು" ಎಂದ.

ಸೆಲ್ವಿ ಬುಟ್ಟಿ ಕೆಳಗಿಟ್ಟಳು. "ನಾನು ಮಾಡಿದ ಅನ್ನ ಕಂಡರೂ ಆಗದು, ನನ್ನ ಮಾತು ಅಂದರೆ ಅಸಹ್ಯ ಅಂದುಕೊಂಡಿದ್ದೆ. ಮೂರು ವರ್ಷ" ಎಂದಳು, ಯಾರಿಗೂ ಅಲ್ಲ, ತಮಿಳಿನಲ್ಲಿ. ಬಂದು ಭಾನುವಿನ ಪಕ್ಕ, ಮುದುಕಿಯ ಎದುರು ಕೂತಳು. ಭಾನು ಮಾಡಿದ ಹಾಗೇ ಮೊಣಕಾಲು ಮುಟ್ಟಿದಳು. ಮುದುಕಿ ಬಗ್ಗಿ ಅವಳ ಮುಖ ನೋಡಿದಳು. ಸೆಲ್ವಿ ಅಂಗೈಯನ್ನು ಎದೆಗಿಟ್ಟುಕೊಂಡಳು. ಅಲ್ಲಿಗೆ ಅವಳ ಕೈ ನಿಂತಿತು. ನೆಲ ಮುಟ್ಟಬಹುದೋ ಬಾರದೋ ಎಂದು ತಿಳಿಯದೆ ಮುದುಕಿಯನ್ನೇ ನೋಡುತ್ತಾ ಕೂತಳು.

ಮುನಿರತ್ನಮ್ಮ ಆ ಕೈಯನ್ನು ಹಿಡಿದು, ಕುರ್ಚಿಯಿಂದ ಬಾಗಿ, ತಾನೇ ನೆಲಕ್ಕೆ ಮುಟ್ಟಿಸಿದಳು. ಅತ್ತೆ ಮನೆಗೆ ಬಂದ ಮೇಲೆ ಸೆಲ್ವಿಗೆ ಆ ಮುದುಕಿ ಆಡಿದ ಮೊದಲ ಮಾತು ಅದು.